ಚಿತ್ತಪ್ಪನ ಗೌಜಲಕ್ಕಿ

ಚಿತ್ತಪ್ಪ ಹತ್ತು ವರ್ಷ ಗುಮ್ಮಘಟ್ಟದ ಕಡೆ ಕುರಿ ಕಾಯ್ದ, ಆಮೇಲೆ ಇಪ್ಪತ್ತೆರಡು ವರ್ಷ ರಾಯದುರ್ಗದಾಗ ಜೀನ್ಸ್ ಹೊಲಿದ, ಇಷ್ಟೇ ಅವನ ಬಯೋಡಾಟಾ. ಆದ್ರ ಅವನ ತಂಗಿ ಮಗಳು ಶಿರಿಷಾ ಕಾಲೇಜಿನಾಗ ಬೇರೆನೇ ಹೇಳಿಬಿಟ್ಟಿದ್ಲು: ನಮ್ಮ ಮಾವ ಹಕ್ಕಿ ಎಕ್ಸ್‌ಪರ್ಟು, ಕಣ್ಣು ಮುಚ್ಕೊಂಡೇ ನಲವತ್ತು ಹಕ್ಕಿ ಹೆಸರು ಹೇಳ್ತಾರ!

ಸುಳ್ಳೇನಲ್ಲ, ಒಂದು ಕಾಲಕ್ಕ ಹೇಳ್ತಿದ್ದ. ಕುರಿ ಕಾಯೋನು ತಲೆ ಎತ್ತಂಗಿಲ್ಲ, ಎತ್ತಿದ್ರ ಕುರಿ ಕಂಡೋರ ಸೇಂಗಾ ಹೊಲಕ್ಕ ಇಳಿದಿರ್ತಾವ. ಹಂಗಾಗಿ ಹಕ್ಕಿ ಎಲ್ಲಾ ಅವನಿಗೆ ಕಿವೀಲೇ ಪರಿಚಯ. ಆಮೇಲೆ ಒಂದು ಶೆಡ್ಡು, ಅರವತ್ತು ಮಿಷನ್ನು. ಕಿವಿ ಯಾವಾಗ ಹೋತೋ ಗೊತ್ತೇ ಆಗ್ಲಿಲ್ಲ. ಹತ್ರ ನಿಂತು ಒದರಿದ್ರ ಕೇಳ್ತಿತ್ತು, ಶೆಡ್ಡಿನಾಗ ಎಲ್ಲಾರೂ ಒದರೋರೇ, ಅಷ್ಟು ಸಾಕಿತ್ತು. ಹಕ್ಕಿ ಕೇಳ್ತಾವೋ ಇಲ್ಲೋ? ಅದೊಂದು ನೋಡಿ ಬರಾಕಂತ್ಲೇ ಭಾನುವಾರ ಹಕ್ಕಿ ನೋಡಾಕ ಹೊಂಟಿದ್ದ ಶಿರಿಷಾನ ಕಾಲೇಜು ಹುಡುಗ್ರ ಜೊತಿ ಶೇರ್ ಆಟೋ ಹತ್ತಿದ.

ಮೊದ್ಲು ಕೆರೆ. ಶಿರಿಷಾ ಬೈನಾಕ್ಯುಲರ್ ಅವನ ಕಣ್ಣಿಗೆ ಹಿಡಿದು, ಕಿವ್ಯಾಗ ಕೂಗಿದ್ಲು.

“ಮಾವ, ಯಾವ್ದದು?”

ಉದ್ದ ಹಳದಿ ಕಾಲು, ಕೆಂಪು ಕೊಕ್ಕು, ಒಂದೊಂದು ಪುಕ್ಕನೂ ಎಣಿಸೋ ಹಂಗ ಕಾಣ್ತಿತ್ತು. ಇಷ್ಟು ಚೆಂದ ಇರ್ತಾವಾ ಇವು? ಆದ್ರ ಯಾರು ಅಂತ ಮಾತ್ರ ಗೊತ್ತಾಗ್ಲಿಲ್ಲ.

“ಗೊತ್ತಿಲ್ಲವ್ವ.”

ಬಂಡೆ ಗುಡ್ಡದಾಗ, ಗೊತ್ತಿಲ್ಲ. ಹುಲ್ಲಿನ ಬಯಲಾಗ, ಗೊತ್ತಿಲ್ಲ. ಶಿರಿಷಾ ಮುಖ ಸಣ್ಣದಾತು. ಅವಳ ಕ್ಲಾಸ್‌ಮೇಟ್ ತಿಪ್ಪೇಸ್ವಾಮಿ ಪಕ್ಕದಾಗೇ ನಿಂತು ಒದರಿದ, “ಏನೇ ಶಿರಿಷಾ, ನಿಮ್ಮ ಮಾವ ಹಕ್ಕಿ ಎಕ್ಸ್‌ಪರ್ಟಾ, ಪ್ಯಾಂಟ್ ಎಕ್ಸ್‌ಪರ್ಟಾ?”

“ಪ್ಯಾಂಟೇ ನೋಡಪ್ಪ,” ಅಂದ ಚಿತ್ತಪ್ಪ. “ನಿಂದು ಜಿಪ್ ಸೊಟ್ಟ ಹೊಲಿದಾರ.”

ಎಲ್ಲಾರೂ ಬಿದ್ದು ಬಿದ್ದು ನಕ್ರು. ಚಿತ್ತಪ್ಪನಿಗೆ ನಗುನೂ ಬರ್ಲಿಲ್ಲ, ಬ್ಯಾಸರನೂ ಆಗ್ಲಿಲ್ಲ.

ಕುರುಚಲು ಕಾಡಿನಾಗ ಒಂದು ಬೂದು ಹಕ್ಕಿ, ಕೋಳಿಮರಿಯಷ್ಟು, ಕಲ್ಲಿನ ಮ್ಯಾಲೆ ನಿಂತಿತ್ತು. ಚಿತ್ತಪ್ಪ ಬೈನಾಕ್ಯುಲರ್ ಹಿಡಿದ್ಕೊಂಡೇ, ಯಾಕೋ ಏನೋ, ತುಟಿ ಮಡಚಿ ಕುರಿ ಕಾಯೋ ಕಾಲದ ಹಳೇ ಹಕ್ಕಿ ಕೂಗೊಂದು ಹಾಕಿದ. ತನ್ನ ಕೂಗು ತನಗೇ ಸರಿಯಾಗಿ ಕೇಳ್ಲಿಲ್ಲ. ಹಕ್ಕಿ ಕುತ್ತಿಗೆ ಎತ್ತಿತು. ಕೊಕ್ಕು ತೆರೀತು, ಮುಚ್ಚಿತು, ತೆರೀತು. ಗಂಟಲು ಉಬ್ಬಿ ಉಬ್ಬಿ ಇಳೀತು.

ಹುಡುಗ್ರು ಕುಣಿದಾಡಿಬಿಟ್ರು. ಶಿರಿಷಾ ಅವನ ತೋಳು ಹಿಡಿದು ಅಲ್ಲಾಡಿಸಿದ್ಲು.

“ಮಾವ! ಉತ್ತರ ಕೊಡ್ತು! ಕೇಳಿಸ್ತಾ?”

“ಇಲ್ಲವ್ವ,” ಅಂದ. “ಬರ್ಕೋ. ಗೌಜಲಕ್ಕಿ.”

ಆಮೇಲೆ ಬೈನಾಕ್ಯುಲರ್ ವಾಪಸ್ ಕೊಟ್ಟು, ಹಕ್ಕಿಗೆ ಬೆನ್ನು ಮಾಡಿ ಕೂತು, ತಿಪ್ಪೇಸ್ವಾಮಿಗೆ, ನಿನ್ನ ಪ್ಯಾಂಟು ಸೋಮವಾರ ತಂದುಕೊಡು, ಜಿಪ್ ನೆಟ್ಟಗ ಹೊಲಿದುಕೊಡ್ತೀನಿ ಅಂದ.