ಲ್ಯಾಪ್‌ಟಾಪ್ ಬಿಚ್ಚಿಸಿದ ಅಕ್ಕಿ ವ್ಯಾಪಾರಿ

"ಇದರ ಹಿಂದಿನ ಮುಚ್ಚಳ ಬಿಚ್ಚಿ ತೋರಸ್ರಿ" ಎಂದು ಪಕ್ಕದಲ್ಲಿ ನಿಂತಿದ್ದ ಹೆಂಗಸು ಕೇಳಿದಾಗ ಗಂಗಾವತಿಯ ಆ ಲ್ಯಾಪ್‌ಟಾಪ್ ಅಂಗಡಿಯವರು ಬಿಲ್ ಪುಸ್ತಕದಿಂದ ತಲೆ ಎತ್ತಿದರು. ನಾನು ಆಗಲೇ ತೆಳ್ಳಗಿನದೊಂದನ್ನು ಆರಿಸಿ ಬಿಲ್ ಬರೆಯಲು ಹೇಳಿದ್ದೆ. ಯಲಬುರ್ಗಾಕ್ಕೆ ಬಸ್ಸಿನಲ್ಲಿ ಒಯ್ಯಲು ಹಗುರವಾಗಿದ್ದರೆ ಸಾಕಿತ್ತು. ಮೆಮೊರಿ ಕಡಿಮೆಯಾದರೆ ಮುಂದೆ ಹಾಕಿಸಿಕೊಂಡರಾಯಿತು ಎಂದುಕೊಂಡಿದ್ದೆ.

ಆಕೆ ಮರಳಿ ಎಂಬ ಊರಿನವರು, ಅಕ್ಕಿ ವ್ಯಾಪಾರಿ. ಕಾಲೇಜು ಸೇರಿದ ಸೊಸೆಗೆ ಲ್ಯಾಪ್‌ಟಾಪ್ ಕೊಡಿಸಲು ಬಂದಿದ್ದರು. "ಚೀಲ ಚುಚ್ಚಿ ಕಾಳು ಕೈಯಾಗ ಹಿಡದು ನೋಡಲಾರದ ನಾ ಅಕ್ಕಿ ತಗೊಳಂಗಿಲ್ರಿ. ಮುಂದ ಮೆಮೊರಿ ಹಾಕಸ್ಬೋದು ಅಂತೀರಲ್ಲ, ಆ ಜಾಗ ಎಲ್ಲೈತಿ?"

ಅಂಗಡಿಯವರು ನಗುತ್ತಲೇ ಪ್ರದರ್ಶನಕ್ಕೆ ಇಟ್ಟಿದ್ದ ಎರಡು ಲ್ಯಾಪ್‌ಟಾಪ್ ಬಿಚ್ಚಿದರು. ಆಕೆ ನೋಡಿಟ್ಟಿದ್ದರಲ್ಲಿ ಒಂದು ಸ್ಲಾಟ್ ಖಾಲಿ ಇತ್ತು. ಆಕೆ ಬಗ್ಗಿ ನೋಡಿ, ಸೊಸೆಗೂ ತೋರಿಸಿದರು. ನಾನು ಆರಿಸಿದ್ದರಲ್ಲಿ ಮೆಮೊರಿಯನ್ನು ಒಳಗೇ ಬೆಸುಗೆ ಹಾಕಿಬಿಟ್ಟಿದ್ದರು. ಇನ್ನೊಂದನ್ನು ಸೇರಿಸಲು ಜಾಗವೇ ಇರಲಿಲ್ಲ.

"ನೀವೇನ್ ಕೆಲಸ ಮಾಡ್ತೀರ್ರಿ?" ಎಂದು ಆಕೆ ನನ್ನನ್ನು ಕೇಳಿದರು. ಹೈಸ್ಕೂಲಿನಲ್ಲಿ ಮಾಸ್ತರ ಎಂದೆ. ಯಾವ ವಿಷಯ ಕಲಿಸುತ್ತೇನೆಂದು ಹೇಳಲಿಲ್ಲ.

ಖಾಲಿ ಸ್ಲಾಟ್ ಇದ್ದುದನ್ನೇ ನಾನೂ ಕೊಂಡೆ. ಹತ್ತು ವರ್ಷದಿಂದ ಕಂಪ್ಯೂಟರ್ ಪಾಠ ಮಾಡುತ್ತಿದ್ದೇನೆ. ಪ್ರತಿವರ್ಷವೂ ಮೆಮೊರಿಯ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದೇ ಮುಗಿಸಿದ್ದೇನೆ. ಸೋಮವಾರ ಮೊದಲ ಸಲ ಸ್ಕ್ರೂಡ್ರೈವರ್ ಹಿಡಿದು ತರಗತಿಗೆ ಹೋದೆ.