ಎರಡು ಸಲ ಹೇಳುವವನು

ಬಸ್ ನಿಲ್ದಾಣದ ಮೈಕಿನ ಮುಂದೆ ಇಪ್ಪತ್ತೆರಡು ವರ್ಷ ಕೂತವನಿಗೆ ಒಂದು ಚಾಳಿ ಅಂಟಿಕೊಂಡಿತ್ತು. ಏನೇ ಹೇಳಿದರೂ ಎರಡು ಸಲ. ಮೊದಲನೆಯದನ್ನು ಗದ್ದಲ ನುಂಗುತ್ತದೆ, ಎರಡನೆಯದು ಜನಕ್ಕೆ ಮುಟ್ಟುತ್ತದೆ. ಮನೆಯಲ್ಲೂ ಅದೇ ಗೋಳು. "ಉಪ್ಪು ಕೊಡು, ಉಪ್ಪು ಕೊಡು" ಅಂದರೆ ಹೆಂಡತಿ, "ಒಂದು ಬಾಯಿಗೆ ಎರಡು ಉಪ್ಪು ಯಾಕ್ರೀ?" ಎಂದು ಕುಟುಕುವಳು. ಊರಿಗೆಲ್ಲ ಅವನ ಗಂಟಲು ಗೊತ್ತು. ಮುಖ ಒಂದು ನರಪಿಳ್ಳೆಗೂ ಗೊತ್ತಿಲ್ಲ.

ಆ ಗಂಟಲನ್ನೇ ಹುಡುಕಿಕೊಂಡು ಒಬ್ಬ ನಿರ್ದೇಶಕ ಬಂದ. ಜೇಬು ಖಾಲಿ, ತಲೆ ತುಂಬ ಕತೆ. ಒಂದೇ ಕೋಣೆಯ ಸಿನಿಮಾ: ಕೆಲಸ ಕಳೆದುಕೊಂಡವನೊಬ್ಬ ನರ್ಸನ್ನು ಒತ್ತೆ ಇಟ್ಟುಕೊಂಡು ಚಿಲಕ ಹಾಕಿಕೊಳ್ಳುತ್ತಾನೆ. ಹೊರಗಿನಿಂದ ಪೊಲೀಸ್ ಅಧಿಕಾರಿ ಫೋನಿನಲ್ಲೇ ಮಾತಾಡಿ ಅವನ ಮನಸ್ಸು ತಿರುಗಿಸಬೇಕು. ಹೊಡೆದಾಟವಿಲ್ಲ, ಓಡಾಟವಿಲ್ಲ, ಬರೀ ಮಾತು. ಚಿಲಕ ಹಾಕಿಕೊಳ್ಳುವವನ ಪಾತ್ರಕ್ಕೆ ಒಬ್ಬ ದರ್ಜಿ, ನರ್ಸ್ ಪಾತ್ರಕ್ಕೆ ನರ್ಸೇ. ಅಧಿಕಾರಿಯ ದನಿ ಇವನದು. ಆಮೇಲೆ ದನಿ ಸೇರಿಸುವ ತಾಕತ್ತು ಇರಲಿಲ್ಲವಾದ್ದರಿಂದ ಇವನು ಪಕ್ಕದ ಬಚ್ಚಲಲ್ಲಿ ನಿಂತು ನಿಜವಾದ ಫೋನಿನಲ್ಲೇ ಮಾತಾಡಬೇಕಿತ್ತು.

ಕೊನೆಯ ದಿನ. ಶೂಟಿಂಗ್ ನಡೆಯುತ್ತಿದ್ದದ್ದು ಮುಚ್ಚಿಹೋದ ಒಂದು ಪ್ರೆಸ್ಸಿನಲ್ಲಿ. ಐದಕ್ಕೆ ಮಾಲೀಕ ಬೀಗ ಹಾಕುತ್ತಾನೆ, ಮರುದಿನ ಗೋಡೆ ಕೆಡವುತ್ತಾರೆ. ಉಳಿದದ್ದು ಹನ್ನೊಂದು ನಿಮಿಷದ ಒಂದೇ ದೃಶ್ಯ, ನಡುವೆ ನಿಲ್ಲಿಸುವಂತಿಲ್ಲ. ಮೂರು ಸಲ ಕೆಟ್ಟಿತ್ತು. ಮೂರೂ ಸಲ ಕೆಡಿಸಿದವನು ಇವನೇ.

"ಅಣ್ಣಾ, ಇದು ಬಸ್ಸಲ್ಲ ಕಣಣ್ಣಾ!" ನಿರ್ದೇಶಕ ತಲೆ ಚಚ್ಚಿಕೊಂಡ. "ಈ ಸಲಾನೂ ಎರಡೆರಡು ಸಲ ಹೇಳಿದ್ರೆ ನಾವೆಲ್ಲ ಮಣ್ಣು ತಿನ್ನೋದೇ. ಮೂರು ತಿಂಗಳ ದುಡಿಮೆ!"

"ಹೇಳಲ್ಲ ಬಿಡಪ್ಪ. ಹೇಳಲ್ಲ ಬಿಡಪ್ಪ."

ನರ್ಸ್ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಬೇರೆ ಯಾರೂ ನಗಲಿಲ್ಲ.

ಐದಕ್ಕೆ ಹದಿನೈದು ನಿಮಿಷವಿತ್ತು. ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಅದರ ಬಾಯಿಗೆ ಕರ್ಚೀಫು ತುರುಕಿದ. ದೃಶ್ಯ ಶುರುವಾಯಿತು. ಪ್ರತಿ ಮಾತು ಮುಗಿದ ಕೂಡಲೇ ನಾಲಿಗೆಯನ್ನು ಹಲ್ಲಿನಡಿ ಕಚ್ಚಿ ಹಿಡಿದ. ಎಂಟು ನಿಮಿಷ. ಹತ್ತು. ಇನ್ನೊಂದೇ ಮಾತು.

"ಬಾಗಿಲು ತೆಗಿ. ನಾನಿಲ್ಲೇ ಇದೀನಿ."

ಅಷ್ಟರಲ್ಲಿ ಹೊರಗೆ ಬಂದು ನಿಂತ ಮಾಲೀಕ ಬೀಗದ ಕೈ ಗೊಂಚಲನ್ನು ಕಬ್ಬಿಣದ ಬಾಗಿಲಿಗೆ ಬಡಿದ. ಗದ್ದಲ ಕಿವಿಗೆ ಬಿದ್ದದ್ದೇ ತಡ, ಇಪ್ಪತ್ತೆರಡು ವರ್ಷದ ನಾಲಿಗೆ ಹಲ್ಲಿಗೆ ಸಿಗದೆ ಜಾರಿತು.

"ಬಾಗಿಲು ತೆಗಿ. ನಾನಿಲ್ಲೇ ಇದೀನಿ."

ಬಾಯಿಗೆ ಅಂಗೈ ಒತ್ತಿಕೊಂಡ. ಆಚೆ ಏನೂ ಕಾಣದು. ನಿರ್ದೇಶಕನ ಬೈಗುಳ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದ. ಬಂದದ್ದು ದರ್ಜಿಯ ಪಿಸುಮಾತು, ಬರೆದ ಕಾಗದದಲ್ಲಿ ಇಲ್ಲದ್ದು:

"ಎರಡೆರಡು ಸಲ ಯಾಕೆ ಹೇಳ್ತೀರಿ ಸಾರ್? ನಿಮಗೂ ಭಯಾನಾ?"

ಇದಕ್ಕೆ ಉತ್ತರವನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಹೇಳಲು ಇದ್ದದ್ದು ನಿಜವೊಂದೇ.

"ಹೂಂ ಕಣಪ್ಪ. ಕೈಕಾಲು ನಡುಗ್ತಾ ಇದೆ."

ಒಂದೇ ಸಲ ಹೇಳಿದ. ಆಚೆ ಚಿಲಕ ಜಾರಿತು.

ಸಿನಿಮಾ ನಾಲ್ಕು ದಿನ ಓಡಿತು. ಎಂಥೆಂಥ ದರಿದ್ರ ಸಿನಿಮಾಗಳಿಗೆ ಮುಗಿಬೀಳುವ ಜನ ಇದರ ಕಡೆ ತಿರುಗಿಯೂ ನೋಡಲಿಲ್ಲ. ಅದು ಅವರ ಹಣೆಬರಹ. ಮೂರನೇ ದಿನ ಅವನು ಹೆಂಡತಿಯನ್ನು ಕರೆದೊಯ್ದ. ಕುರ್ಚಿಗಳೇ ಜಾಸ್ತಿ, ಜನ ಬೆರಳೆಣಿಕೆ. ಕೈಕಾಲು ನಡುಗುವ ಆ ಮಾತು ಬಂದಾಗ ಅವಳು ಅವನ ಮೊಣಕೈ ಹಿಡಿದವಳು ದೀಪ ಹತ್ತುವವರೆಗೂ ಬಿಡಲಿಲ್ಲ.

ಹೊರಗೆ ಬಂದಮೇಲೆ ಅಳುಕುತ್ತಲೇ ಕೇಳಿದ: "ಚೆನ್ನಾಗಿತ್ತಾ?"

ಅವಳು ಕಾದಳು. ಅವನು ಮತ್ತೆ ಕೇಳಲಿಲ್ಲ.

"ಇನ್ನೊಂದ್ಸಲ ಕೇಳ್ರೀ," ಅಂದಳು.