ಶಮೀನಾ ಬರೆದ ಪ್ರಬಂಧ

ಗೆಳೆಯರೇ, ಇವತ್ತು ಕೂಡ್ಲಿಗಿಯ ನಮ್ಮ ಶಾಲೆಯಲ್ಲಿ ಎಂಟನೇ ತರಗತಿಯವರಿಂದ 'ನಾನು ನಂಬುವ ಮಾತು' ಎಂಬ ಪ್ರಬಂಧ ಬರೆಸುತ್ತಿದ್ದೆ. 'ದೊಡ್ಡವರೂ ತಪ್ಪು ಒಪ್ಪಿಕೊಳ್ಳಬೇಕು' ಎಂದು ಒಂದೇ ಸಾಲು ಬರೆದು ಶಮೀನಾ ಕೂತಿದ್ದಳು.

"ನಿನಗ ಆಗಿದ್ದು ಏನರ ಬರಿಯವ್ವಾ," ಎಂದೆ.

"ಬ್ಯಾಡ್ರಿ ಮೇಡಂ."

"ಹೆದರಬ್ಯಾಡ, ಬರಿ."

ಬರೆದಳು. ಹೋದ ವರ್ಷ ಅವಳ ಕಥೆಯನ್ನು ಕದ್ದದ್ದೆಂದು ನಾನು ಎಲ್ಲರೆದುರು ಹರಿದು ಹಾಕಿದ್ದೆ. ಮರುದಿನ ಅವಳ ಅಮ್ಮ ಕಥೆಯ ಕರಡು ಹಾಳೆಗಳನ್ನು ತಂದು ತೋರಿಸಿದಾಗಲೂ ಸುಮ್ಮನಿದ್ದೆ.

ಓದುತ್ತಾ ನನಗೆ ತಲೆ ಎತ್ತಲಾಗಲಿಲ್ಲ.

"ಅಳಿಸ್ಲೇನ್ರಿ ಮೇಡಂ?" ಎಂದಳು.

"ಬ್ಯಾಡವ್ವಾ. ತಪ್ಪು ನಂದ ಐತಿ," ಎಂದೆ, ಇಡೀ ತರಗತಿಗೆ ಕೇಳುವಂತೆ.

ಆದರೆ ಹಾಗೆನ್ನುವ ಮೊದಲು, ಒಂದು ಕಾಗುಣಿತದ ತಪ್ಪಾದರೂ ಸಿಗಲಿ ಎಂದು ಕೆಂಪು ಪೆನ್ನು ಹಿಡಿದು ಹುಡುಕಿದ್ದೆ. ಒಂದೂ ಇರಲಿಲ್ಲ.